ಗಣಿಯೂರಿನ ಸೂಲಗಿತ್ತಿ

ಹೆಂಗಸರಿಲ್ಲದ ಊರು ಹೇಗಿದ್ದೀತು? ಸಂಜೆ ದೀಪ ಹಚ್ಚಿ ಬಾಗಿಲು ಕಾಯುವವರಿಲ್ಲ; ಅಂಗಳದಲ್ಲಿ ಅಳುವ ಕೂಸಿಲ್ಲ; ಹಬ್ಬ ಬಂದುದೂ ಹೋದುದೂ ಯಾರಿಗೂ ತಿಳಿಯದು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ, ಅಮೆರಿಕ ಸಂಯುಕ್ತ ಸಂಸ್ಥಾನದ ಪಶ್ಚಿಮ ಭಾಗದಲ್ಲಿರುವ ಯೂಟಾ ರಾಜ್ಯದಲ್ಲಿ ಅಂತಹ ಊರುಗಳು ನಿಜವಾಗಿಯೂ ಇದ್ದುವು. ಅಲ್ಲಿ ದುಡಿಯುತ್ತಿದ್ದವರಲ್ಲಿ ಬಹು ಮಂದಿ ಗ್ರೀಸ್ ದೇಶದಿಂದ ಬಂದ ತರುಣರು. 1910ರ ಜನಗಣತಿಯ ಹೊತ್ತಿಗೆ ಯೂಟಾದಲ್ಲಿ ಸುಮಾರು ನಾಲ್ಕು ಸಾವಿರ ಗ್ರೀಕರಿದ್ದರು. ಅವರಲ್ಲಿ ಹೆಂಗಸರನ್ನು ಬೆರಳೆಣಿಸಿ ಹೇಳಬಹುದಾಗಿತ್ತು.

ಆ ಬೆರಳೆಣಿಕೆಯ ಹೆಂಗಸರಲ್ಲಿ ಒಬ್ಬಾಕೆಯ ಕಥೆ ಇದು. ಆಕೆ ರಾಣಿಯಲ್ಲ, ವಿದುಷಿಯಲ್ಲ; ಸಭೆಯಲ್ಲಿ ನಿಂತು ಭಾಷಣ ಮಾಡಿದವಳೂ ಅಲ್ಲ. ಆಕೆ ಸೂಲಗಿತ್ತಿ. ಹೆಸರು ಯೋರ್ಗಿಯಾ ಲಥೂರಿಸ್ ಮಗೆರಾಸ್. ಆದರೆ ಆ ಹೆಸರಿನಿಂದ ಆಕೆಯನ್ನು ಕರೆದವರು ಕಡಮೆ. ಗ್ರೀಕ್ ಹಳ್ಳಿಗಳಲ್ಲಿ ಮದುವೆಯಾದ ಹೆಣ್ಣನ್ನು ಗಂಡನ ಮನೆತನದ ಹೆಸರಿಗೆ ಸ್ತ್ರೀ ಪ್ರತ್ಯಯ ಹಚ್ಚಿ ಕರೆಯುವುದು ರೂಢಿ. ಮಗೆರಾಸನ ಹೆಂಡತಿ ‘ಮಗೆರೂ’ ಆದಳು. ಮ್ಯಾಗ್ನಾ ಎಂಬ ಗಣಿಯೂರಿನಲ್ಲಿ, ಹೆರಿಗೆಯ ನೋವು ಕಾಣಿಸಿಕೊಂಡ ಮನೆಯಿಂದ ಗಾಬರಿಯಾಗಿ ಓಡಿ ಬರುತ್ತಿದ್ದ ಗಂಡಸಿನ ಬಾಯಲ್ಲಿ ಬರುತ್ತಿದ್ದುದು ಆ ಹೆಸರು.

ದ್ರಾಕ್ಷಿಯ ನಾಡಿನಿಂದ ತಾಮ್ರದ ನಾಡಿಗೆ

ಗ್ರೀಸಿನ ದಕ್ಷಿಣಕ್ಕೆ ಪೆಲೊಪೊನೀಸ್ ಎಂಬ ಪರ್ಯಾಯದ್ವೀಪವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಯ ರೈತರು ಸಣ್ಣ ಒಣದ್ರಾಕ್ಷಿಯನ್ನು ನಂಬಿ ಬದುಕುತ್ತಿದ್ದರು. ಫ್ರಾನ್ಸಿನ ದ್ರಾಕ್ಷಿಯ ತೋಟಗಳು ಕೀಟದ ಬಾಧೆಯಿಂದ ಹಾಳಾದಾಗ ಗ್ರೀಕ್ ದ್ರಾಕ್ಷಿಗೆ ಎಲ್ಲಿಲ್ಲದ ಬೇಡಿಕೆ ಬಂದಿತು. ರೈತರು ಇದ್ದಬದ್ದ ನೆಲದಲ್ಲೆಲ್ಲ ಬಳ್ಳಿ ನೆಟ್ಟರು. ಆಲಿವ್ ಮರಗಳನ್ನು ಕಡಿದು ನೆಟ್ಟವರೂ ಉಂಟು. ಫ್ರಾನ್ಸಿನ ತೋಟಗಳು ಮತ್ತೆ ಚಿಗುರಿ, ಆ ದೇಶ ಹೊರಗಿನ ದ್ರಾಕ್ಷಿಯ ಮೇಲೆ ಸುಂಕ ಹೇರಿದ ಕೂಡಲೆ ಬೆಲೆ ನೆಲ ಕಚ್ಚಿತು. 1893ರಲ್ಲಿ ಗ್ರೀಕ್ ಸರ್ಕಾರವೇ ಸಾಲ ತೀರಿಸಲಾರದೆ ದಿವಾಳಿಯಾಯಿತು. ಸರ್ಕಾರವೇ ದಿವಾಳಿಯಾದ ಮೇಲೆ ಸಾಲಗಾರ ರೈತನ ಗತಿಯೇನು?

ಅವನ ಮನೆಯಲ್ಲಿ ಇನ್ನೊಂದು ಸಾಲ ಬೇರೆ ಕಾದಿತ್ತು. ಅದು ಹೆಣ್ಣುಮಕ್ಕಳ ವರದಕ್ಷಿಣೆ. ಗ್ರೀಸಿನಲ್ಲಿ ಕಾನೂನು ಅದನ್ನು ತೆಗೆದುಹಾಕಿದ್ದು 1983ರಲ್ಲಿ. ಅಲ್ಲಿಯವರೆಗೆ ಹೊಲವನ್ನೋ ಹಣವನ್ನೋ ಮನೆಯನ್ನೋ ಕೊಡದೆ ಮಗಳಿಗೆ ವರ ಸಿಕ್ಕುವುದು ಕಷ್ಟವಾಗಿತ್ತು. ಅಕ್ಕತಂಗಿಯರ ಮದುವೆಯಾಗದೆ ಅಣ್ಣತಮ್ಮಂದಿರು ತಾವು ಮದುವೆಯಾಗುವಂತಿರಲಿಲ್ಲ. ಹೀಗಾಗಿ ಹದಿನಾರು, ಹದಿನೆಂಟು ವಯಸ್ಸಿನ ಹುಡುಗರು ಹಡಗು ಹತ್ತಿದರು. ಎರಡು ಮೂರು ವರ್ಷ ದುಡಿದು, ತಂಗಿಯ ವರದಕ್ಷಿಣೆಯನ್ನೂ ತಂದೆಯ ಸಾಲವನ್ನೂ ತೀರಿಸಿ ಹಿಂದಿರುಗುವುದು ಅವರ ಎಣಿಕೆ. ಬಹು ಮಂದಿಗೆ ಆ ಎರಡು ಮೂರು ವರ್ಷ ಮುಗಿಯಲೇ ಇಲ್ಲ.

ಯೂಟಾದ ಬಿಂಗ್‌ಹ್ಯಾಮ್ ಕಣಿವೆಯಲ್ಲಿ 1906ರಿಂದ ಒಂದು ಬೆಟ್ಟವನ್ನೇ ಮೇಲಿನಿಂದ ಮೆಟ್ಟಿಲು ಮೆಟ್ಟಿಲಾಗಿ ಕಡಿದು ತಾಮ್ರದ ಅದಿರು ತೆಗೆಯುವ ಕೆಲಸ ಆರಂಭವಾಯಿತು. ಆ ಅದಿರನ್ನು ಪುಡಿ ಮಾಡಿ ತಾಮ್ರವನ್ನು ಬೇರ್ಪಡಿಸುವ ಗಿರಣಿ ಇದ್ದುದು ಮ್ಯಾಗ್ನಾದಲ್ಲಿ; ಕರಗಿಸುವ ಕುಲುಮೆಗಳಿದ್ದುದು ಪಕ್ಕದ ಗಾರ್‌ಫೀಲ್ಡಿನಲ್ಲಿ. ಕೆಲಸ ಸಿಕ್ಕಬೇಕಾದರೆ ಮಧ್ಯವರ್ತಿಯ ಕೈ ಬಿಸಿ ಮಾಡಬೇಕಾಗಿತ್ತು. ಲಿಯೊನಿದಾಸ್ ಸ್ಕ್ಲೀರಿಸ್ ಎಂಬ ಗ್ರೀಕನೇ ತನ್ನ ನಾಡಿನ ಹುಡುಗರಿಂದ ಕೆಲಸ ಕೊಡಿಸಿದ್ದಕ್ಕೆ ಒಂದು ಮೊತ್ತವನ್ನೂ, ಕೆಲಸ ಉಳಿಸಿಕೊಟ್ಟಿದ್ದಕ್ಕೆ ತಿಂಗಳು ತಿಂಗಳು ಕಾಣಿಕೆಯನ್ನೂ ವಸೂಲು ಮಾಡುತ್ತಿದ್ದನು. 1912ರ ಸೆಪ್ಟೆಂಬರಿನಲ್ಲಿ ಬಿಂಗ್‌ಹ್ಯಾಮಿನ ಕಾರ್ಮಿಕರು ಮುಷ್ಕರ ಹೂಡಿದಾಗ ಗ್ರೀಕರ ಮುಖ್ಯ ಬೇಡಿಕೆ ಈತನನ್ನು ತೆಗೆಯಬೇಕೆಂಬುದೇ ಆಗಿತ್ತು. ಸ್ಕ್ಲೀರಿಸ್ ರಾಜೀನಾಮೆ ಕೊಟ್ಟನು. ಆದರೆ ಮುಷ್ಕರ ಮುರಿಯಿತು.

ಇಂತಹ ಬಾಳಿನಲ್ಲಿ ಹುಡುಗರಿಗೆ ಇದ್ದ ಆಸರೆ ಕಾಫಿ ಅಂಗಡಿಯೊಂದೇ. ಹತ್ತು ಹನ್ನೆರಡು ಮಂದಿ ಒಂದೇ ಗುಡಿಸಿಲಿನಲ್ಲಿ ಮಲಗುತ್ತಿದ್ದರು. ಸರದಿಯ ಮೇಲೆ ಅಡಿಗೆ ಮಾಡಿಕೊಳ್ಳುತ್ತಿದ್ದರು. ಕಾಯಿಲೆ ಬಿದ್ದರೆ ಹಣೆಯ ಮೇಲೆ ಕೈಯಿಡುವ ತಾಯಿಯಿಲ್ಲ. ಬೀಡು ಎನ್ನಬಹುದಾಗಿತ್ತೇ ಹೊರತು ಅದನ್ನು ಊರು ಎನ್ನುವಂತಿರಲಿಲ್ಲ.

ಪೇರ್ ಹಣ್ಣಿನ ಬಯಲು

ಪೆಲೊಪೊನೀಸಿನ ಬೆಟ್ಟಗಳ ನಡುವೆ, ಆರ್ಗೊಸ್ ಮತ್ತು ಟ್ರಿಪೊಲಿ ಪಟ್ಟಣಗಳ ಹಾದಿಯಲ್ಲಿ, ಅಹ್ಲಾದೋಕಾಂಬೊಸ್ ಎಂಬ ಹಳ್ಳಿ. ಪೇರ್ ಹಣ್ಣಿನ ಬಯಲು ಎಂದು ಆ ಹೆಸರಿನ ಅರ್ಥ. ಯೋರ್ಗಿಯಾ ಹುಟ್ಟಿದ್ದು ಅಲ್ಲಿ. ಶಾಲೆ, ಪುಸ್ತಕ, ವೈದ್ಯ ಇವೆಲ್ಲ ಬೆಟ್ಟದ ಹುಡುಗಿಗೆ ದೂರದ ಮಾತು. ಆದರೆ ಹದಿನಾಲ್ಕನೆಯ ವಯಸ್ಸಿನಲ್ಲಿ, ತಾನಿನ್ನೂ ಮಗುವೆನ್ನಬೇಕಾದ ಕಾಲದಲ್ಲಿ, ಹೆರುತ್ತಿದ್ದ ಒಬ್ಬ ಹೆಂಗಸಿನ ಬಳಿ ಕುಳಿತು ಆಕೆ ಮೊದಲನೆಯ ಕೂಸನ್ನು ಕೈಗೆ ತೆಗೆದುಕೊಂಡಳು. ಹೆದರಿ ಓಡಿಹೋಗಲಿಲ್ಲ. ಅಂದು ಕಲಿತುದೇ ಮುಂದೆ ಆಕೆಯ ಬಾಳಿನ ಕಸುಬಾಯಿತು.

ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಮಗೆರಾಸ್ ಸಂಸಾರ ಯೂಟಾ ಸೇರಿತು. ಎಲ್ಲ ಸಂಸಾರಗಳಲ್ಲಿಯೂ ಆದಂತೆ ಗಂಡ ಮೊದಲು, ಹೆಂಡತಿ ಆಮೇಲೆ. ತಾನು ಹುಟ್ಟಿದ ಬೆಟ್ಟವನ್ನು ಬಿಟ್ಟು ಬಂದಾಗ ಯೋರ್ಗಿಯಾ ಎಳೆಯ ವಧುವಾಗಿರಲಿಲ್ಲ. ಮಕ್ಕಳನ್ನು ಹೆತ್ತು ಸಾಕಿದ ಗಟ್ಟಿ ಹೆಂಗಸಾಗಿದ್ದಳು. ಹೊಸ ನಾಡಿನಲ್ಲಿ ಈ ವಯಸ್ಸೇ ಆಕೆಯ ಬಲವಾಯಿತು. ಏಕೆಂದರೆ ಆಕೆಯ ಹಿಂದೆಯೇ ಬಂದವರು ತೀರ ಎಳೆಯ ಹುಡುಗಿಯರು.

ಅವರನ್ನು ‘ಚಿತ್ರವಧು’ಗಳೆಂದು ಕರೆಯುವುದುಂಟು. ಕೈಯಲ್ಲಿ ನಾಲ್ಕು ಕಾಸು ಕೂಡಿದ ಗಣಿಯ ಹುಡುಗ ಎರವಲು ಕೋಟು ತೊಟ್ಟು ಭಾವಚಿತ್ರ ತೆಗೆಸಿ ಊರಿಗೆ ಕಳುಹಿಸುತ್ತಿದ್ದನು. ಊರಿನಿಂದ ಹುಡುಗಿಯ ಭಾವಚಿತ್ರ ಬರುತ್ತಿತ್ತು. ಅಮೆರಿಕದಲ್ಲಿದ್ದ ವರ ವರದಕ್ಷಿಣೆಯನ್ನು ಅಷ್ಟಾಗಿ ಕೇಳುತ್ತಿರಲಿಲ್ಲ. ಬಡ ತಂದೆಗೆ ಅದೊಂದೇ ಸಾಕಾಗಿತ್ತು. ಪಾತ್ರಾಸ್ ಅಥವಾ ಪಿರೇಯಸ್ ರೇವಿನಲ್ಲಿ ಹಡಗು ಹತ್ತಿದ ಹುಡುಗಿ ನ್ಯೂಯಾರ್ಕ್ ಬಳಿಯ ಎಲ್ಲಿಸ್ ದ್ವೀಪದಲ್ಲಿ ಇಳಿಯುತ್ತಿದ್ದಳು. ಕರೆದೊಯ್ಯುವ ಗಂಡಸು ಬಂದಲ್ಲದೆ ಒಂಟಿ ಹೆಣ್ಣನ್ನು ಅಲ್ಲಿಯ ಅಧಿಕಾರಿಗಳು ಹೊರಗೆ ಬಿಡುತ್ತಿರಲಿಲ್ಲ. ಬಂದ ಗಂಡಸು ಭಾವಚಿತ್ರದಲ್ಲಿ ಇದ್ದುದಕ್ಕಿಂತ ಹತ್ತು ವರ್ಷ ದೊಡ್ಡವನಾಗಿದ್ದರೂ ಹಿಂದಿರುಗುವ ದಾರಿಯಿರಲಿಲ್ಲ. ಅಲ್ಲಿಂದ ದಿನಗಟ್ಟಲೆ ರೈಲಿನ ಪಯಣ. ಕೊನೆಗೆ ಇಳಿದಾಗ ಕಂಡುದು ಮರವಿಲ್ಲದ ಗುಡ್ಡ, ಕುಲುಮೆಯ ಹೊಗೆ, ಹಲಗೆಯ ಮನೆ.

ವರ್ಷ ತುಂಬುವಷ್ಟರಲ್ಲಿ ಆ ಹುಡುಗಿ ಬಸುರಿ. ತಾಯಿ ಏಳು ಸಮುದ್ರಗಳಾಚೆ. ನೆರೆಯವರ ಭಾಷೆ ತಿಳಿಯದು. ಪರಗಂಡಸಾದ ಡಾಕ್ಟರ ಮುಂದೆ ಮೈತೋರುವುದೆಂದರೆ ಸಾಯುವುದಕ್ಕಿಂತ ಹೆಚ್ಚಿನ ಅವಮಾನ. ಇಂತಹ ಹೊತ್ತಿನಲ್ಲಿ ಬಾಗಿಲು ತೆರೆದು ತನ್ನದೇ ಭಾಷೆಯಲ್ಲಿ, ತನ್ನ ತಾಯಿಯ ವಯಸ್ಸಿನ ಹೆಂಗಸೊಬ್ಬಳು ಮಾತನಾಡಿಸಿದಾಗ ಅವಳಿಗೆ ಎಷ್ಟು ಧೈರ್ಯ ಬಂದಿರಬೇಕೆಂಬುದನ್ನು ತಾಯಂದಿರಾದ ಓದುಗರು ಊಹಿಸಿಕೊಳ್ಳಬಲ್ಲರು.

ಶುಚಿಯಾದ ಕೈ

ಆಗಿನ ಕಾಲದಲ್ಲಿ ಹೆರಿಗೆ ಸಣ್ಣ ಗಂಡಾಂತರವಾಗಿರಲಿಲ್ಲ. ಅಮೆರಿಕದಂತಹ ಸಿರಿವಂತ ದೇಶದಲ್ಲಿಯೂ 1900ರ ಸುಮಾರಿನಲ್ಲಿ ಸಾವಿರ ಹೆರಿಗೆಗೆ ಆರರಿಂದ ಒಂಬತ್ತು ಮಂದಿ ತಾಯಂದಿರು ತೀರಿಕೊಳ್ಳುತ್ತಿದ್ದರು. ಹುಟ್ಟಿದ ಸಾವಿರ ಕೂಸುಗಳಲ್ಲಿ ಸುಮಾರು ನೂರು ವರ್ಷ ತುಂಬುವ ಮೊದಲೇ ಕಣ್ಣು ಮುಚ್ಚುತ್ತಿದ್ದುವು. ತಾಯಂದಿರ ಸಾವಿಗೆ ದೊಡ್ಡ ಕಾರಣ ಬಾಣಂತಿಯ ನಂಜಿನ ಜ್ವರ. ಆ ನಂಜು ಹೆಚ್ಚಾಗಿ ಬರುತ್ತಿದ್ದುದು ಹೆರಿಗೆ ಮಾಡಿಸುವವರ ಕೈಯಿಂದಲೇ. ವಿಯೆನ್ನಾ ನಗರದ ಆಸ್ಪತ್ರೆಯಲ್ಲಿ ಸೆಮ್ಮೆಲ್ವೈಸ್ ಎಂಬ ಡಾಕ್ಟರು 1847ರಲ್ಲಿಯೇ ಇದನ್ನು ತೋರಿಸಿಕೊಟ್ಟು, ಕೈ ತೊಳೆಯದೆ ಬಾಣಂತಿಯನ್ನು ಮುಟ್ಟಬಾರದೆಂದು ಸಾರಿದ್ದರು. ಅವರ ಮಾತನ್ನು ಅವರ ವೃತ್ತಿಯವರೇ ಬಹುಕಾಲ ಕಿವಿಗೆ ಹಾಕಿಕೊಳ್ಳಲಿಲ್ಲ.

ಮಗೆರೂಗೆ ಸೆಮ್ಮೆಲ್ವೈಸರ ಹೆಸರು ತಿಳಿದಿದ್ದಿರಲಾರದು. ಆದರೆ ಶುಚಿಯ ವಿಷಯದಲ್ಲಿ ಆಕೆ ಬಹಳ ಕಟ್ಟುನಿಟ್ಟು ಎಂದು ಆಕೆಯನ್ನು ಬಲ್ಲವರು ನೆನೆಯುತ್ತಿದ್ದರು. ಪುಸ್ತಕ ಓದಿ ಬಂದ ತಿಳಿವಳಿಕೆಯಲ್ಲ ಅದು. ಕೈಯಿಂದ ಕೈಗೆ ಬಂದ ಶಿಸ್ತು.

ಆ ದಿನಗಳಲ್ಲಿ ಅಮೆರಿಕದ ವೈದ್ಯರಿಗೂ ಸೂಲಗಿತ್ತಿಯರಿಗೂ ದೊಡ್ಡ ವಾದ ನಡೆದಿತ್ತು. ಶತಮಾನದ ಆರಂಭದಲ್ಲಿ ಅಲ್ಲಿಯ ಹೆರಿಗೆಗಳಲ್ಲಿ ಸುಮಾರು ಅರ್ಧದಷ್ಟು ಸೂಲಗಿತ್ತಿಯರ ಕೈಯಲ್ಲೇ ಆಗುತ್ತಿದ್ದುವು. ಓದುಬರಹ ಬಾರದ ಪರದೇಶದ ಹೆಂಗಸರಿಂದಲೇ ತಾಯಂದಿರು ಸಾಯುತ್ತಿದ್ದಾರೆಂದು ವೈದ್ಯರಲ್ಲಿ ಅನೇಕರು ದೂರಿದರು. ನ್ಯೂಯಾರ್ಕಿನ ವೈದ್ಯಕೀಯ ಅಕಾಡೆಮಿಯವರು ಆ ನಗರದಲ್ಲಿ 1930ರಿಂದ 1932ರವರೆಗೆ ಆದ ತಾಯಂದಿರ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿ 1933ರಲ್ಲಿ ವರದಿ ಹೊರಡಿಸಿದರು. ಮೂರು ಸಾವುಗಳಲ್ಲಿ ಎರಡು ತಪ್ಪಿಸಬಹುದಾಗಿದ್ದವು; ಅವುಗಳಲ್ಲಿ ಬಹುಪಾಲಿಗೆ ಹೊಣೆ ವೈದ್ಯರದೇ ಎಂದು ವೈದ್ಯರ ಸಂಸ್ಥೆಯೇ ಒಪ್ಪಿಕೊಂಡಿತು. ಸೂಲಗಿತ್ತಿಯರ ಕೈಯಲ್ಲಾದ ಹೆರಿಗೆಗಳ ಫಲ ವೈದ್ಯರದಕ್ಕಿಂತ ಕೀಳಾಗಿರಲಿಲ್ಲ. ಎಲ್ಲ ಸೂಲಗಿತ್ತಿಯರೂ ಕುಶಲೆಯರೆಂದು ಇದರ ಅರ್ಥವಲ್ಲ. ಗಂಡಾಂತರದ ಹೆರಿಗೆಯಲ್ಲಿ ಶಸ್ತ್ರಚಿಕಿತ್ಸೆ ಬಲ್ಲ ವೈದ್ಯರಿಲ್ಲದೆ ನಡೆಯದು. ಆದರೆ ತಾಳ್ಮೆ, ಶುಚಿ, ಅನುಭವ ಇವು ಮೂರೂ ಕೂಡಿದ ಕೈ ಯಾವ ಪ್ರಮಾಣಪತ್ರಕ್ಕೂ ಕಡಮೆಯದಲ್ಲವೆಂಬುದು ಆ ವರದಿಯಿಂದ ತಿಳಿಯಿತು.

ಮಗೆರೂ ಬರಿಯ ಗ್ರೀಕರ ಸೂಲಗಿತ್ತಿಯಾಗಿ ಉಳಿಯಲಿಲ್ಲ. ಮ್ಯಾಗ್ನಾದಲ್ಲಿ ಇಟಲಿಯವರೂ ಸ್ಲಾವ್ ಜನರೂ ಇದ್ದರು. ಕಾಫಿ ಅಂಗಡಿಗಳಲ್ಲಿ ಈ ಜನಗಳ ಗಂಡಸರು ಬೇರೆ ಬೇರೆ ಮೇಜುಗಳಲ್ಲಿ ಕುಳಿತು ಒಬ್ಬರನ್ನೊಬ್ಬರು ಅನುಮಾನದಿಂದ ನೋಡುತ್ತಿದ್ದ ಕಾಲದಲ್ಲಿ, ಅವರ ಹೆಂಡಿರು ಒಬ್ಬಳೇ ಸೂಲಗಿತ್ತಿಗೆ ಹೇಳಿಕಳುಹಿಸುತ್ತಿದ್ದರು. ಭಾಷೆ ಬೇರೆಯಾದರೂ ನೋವು ಒಂದೇ. ಕೂಸಿನ ಮೊದಲ ಅಳು ಯಾವ ಭಾಷೆಯದೂ ಅಲ್ಲ.

ಹೆರಿಗೆಯಷ್ಟೇ ಅಲ್ಲ, ಮೂಳೆ ಮುರಿದವರೂ, ಸೊಂಟ ಹಿಡಿದವರೂ, ಎದೆಗಟ್ಟಿ ಕೆಮ್ಮುವವರೂ ಆಕೆಯ ಬಾಗಿಲಿಗೆ ಬರುತ್ತಿದ್ದರು. ಗ್ರೀಕರಲ್ಲಿ ‘ವೆಂದೂಜೆಸ್’ ಎಂಬ ಒಂದು ಚಿಕಿತ್ಸೆಯಿದೆ. ಸಣ್ಣ ಗಾಜಿನ ಲೋಟದೊಳಗೆ ಉರಿಯನ್ನು ಕ್ಷಣಕಾಲ ಹಿಡಿದು ಬೆನ್ನಿನ ಮೇಲೆ ಕವುಚಿದರೆ ಒಳಗಿನ ಗಾಳಿ ತಣಿದು ಲೋಟ ಚರ್ಮವನ್ನು ಬಿಗಿಯಾಗಿ ಹೀರಿ ಹಿಡಿಯುತ್ತದೆ. ಶೀತ ಎಳೆದುಹೋಗುತ್ತದೆಂದು ಅವರ ನಂಬಿಕೆ. ಕಂಪನಿಯ ಡಾಕ್ಟರಿಗೆಂದು ಕಾರ್ಮಿಕನ ಸಂಬಳದಲ್ಲಿ ಹಣ ಹಿಡಿಯುವ ಪದ್ಧತಿ ಗಣಿಯೂರುಗಳಲ್ಲಿ ಇತ್ತು. ಆದರೂ ಗಾಯಗೊಂಡವರಿಗೆ ಆ ಡಾಕ್ಟರಲ್ಲಿ ನಂಬಿಕೆ ಕಡಮೆ. ಕೈಕಾಲು ಕತ್ತರಿಸಿಬಿಡುವರೆಂಬ ಭಯ. ಕೈಕಾಲು ಹೋದ ಗಣಿಗಾರನಿಗೆ ಅಲ್ಲಿಗೆ ಅನ್ನದ ದಾರಿಯೇ ಮುಚ್ಚಿದಂತೆ.

ನಲವತ್ತು ದಿನ

ಸೂಲಗಿತ್ತಿಯ ಕೆಲಸ ಹೊಕ್ಕುಳಬಳ್ಳಿ ಕತ್ತರಿಸಿದಲ್ಲಿಗೆ ಮುಗಿಯುತ್ತಿರಲಿಲ್ಲ. ಗ್ರೀಕರಲ್ಲಿ ಬಾಣಂತಿಗೆ ‘ಲೆಹೋನಾ’ ಎಂದು ಹೆಸರು. ನಲವತ್ತು ದಿನ ಆಕೆ ಹೊಸ್ತಿಲು ದಾಟುವಂತಿಲ್ಲ. ಸೂರ್ಯ ಮುಳುಗಿದ ಮೇಲೆ ಹೊರಗಿನವರು ಕೂಸಿನ ಕೋಣೆಗೆ ಬರುವಂತಿಲ್ಲ. ನಲವತ್ತನೆಯ ದಿನ ತಾಯಿ ಕೂಸನ್ನೆತ್ತಿಕೊಂಡು ಇಗರ್ಜಿಗೆ ಹೋಗಿ ಪಾದ್ರಿಯ ಆಶೀರ್ವಾದ ಪಡೆಯಬೇಕು. ಯೂಟಾದ ಗ್ರೀಕರ ಮೊದಲ ಇಗರ್ಜಿ ಸಾಲ್ಟ್ ಲೇಕ್ ನಗರದಲ್ಲಿ 1905ರಲ್ಲಿಯೇ ಎದ್ದಿತ್ತು. ಕಟ್ಟಿದವರು ಗಂಡಸರು. ಆದರೆ ಆ ಇಗರ್ಜಿಯಲ್ಲಿ ಕೂಸಿನ ಅಳು ಕೇಳಿದ್ದು ಹೆಂಗಸರು ಬಂದ ಮೇಲೆ.

ಕೂಸಿಗೆ ದೃಷ್ಟಿಯಾಗುವ ಭಯ ಗ್ರೀಕ್ ತಾಯಿಗೂ ಇತ್ತು. ಹಾಲು ಕುಡಿಯದೆ ಅಳುವ ಕೂಸಿಗೆ ಯಾರದೋ ಕಣ್ಣು ತಗುಲಿದೆಯೆಂದು ಒಂದು ಬಟ್ಟಲು ನೀರಿನಲ್ಲಿ ಎಣ್ಣೆಯ ಹನಿ ಬಿಡುತ್ತಿದ್ದರು. ಹನಿ ದುಂಡಗೆ ತೇಲಿದರೆ ಏನೂ ಇಲ್ಲ; ಹರಡಿ ಕರಗಿದರೆ ದೃಷ್ಟಿಯಾಗಿರುವುದು ನಿಜ. ಅದನ್ನು ತೆಗೆಯುವ ಪ್ರಾರ್ಥನೆ ಗುಟ್ಟಿನದು. ಹೆಂಗಸು ಅದನ್ನು ಗಂಡಸಿಗೆ ಕಲಿಸಬಹುದು, ಗಂಡಸು ಹೆಂಗಸಿಗೆ. ಹೆಂಗಸು ಹೆಂಗಸಿಗೆ ಕಲಿಸಿದರೆ ಫಲವಿಲ್ಲವೆಂದು ರೂಢಿ. ಇವನ್ನೆಲ್ಲ ಮೂಢನಂಬಿಕೆಯೆಂದು ನಗುವುದು ಸುಲಭ. ಆದರೆ ಹೆತ್ತ ಮನೆಯನ್ನು ಬಿಟ್ಟುಬಂದ ಹದಿನೆಂಟರ ಹುಡುಗಿಗೆ, ತನ್ನ ಅಜ್ಜಿ ಮಾಡುತ್ತಿದ್ದುದನ್ನೇ ಇಲ್ಲಿಯೂ ಒಬ್ಬಳು ಮಾಡುತ್ತಾಳೆಂಬುದು ಎಣ್ಣೆಯ ಹನಿಗಿಂತ ದೊಡ್ಡ ಔಷಧವಾಗಿತ್ತು.

ಕೂಸಿನ ದೀಕ್ಷಾಸ್ನಾನಕ್ಕೆ ‘ಕುಂಬಾರೋಸ್’ ಬೇಕು. ಕೂಸನ್ನು ಎತ್ತಿ ಹಿಡಿದು ಹೆಸರಿಡುವ ಈ ಧರ್ಮಪಿತ ಆ ದಿನದಿಂದ ರಕ್ತಸಂಬಂಧಿಗೆ ಸಮಾನ. ಎರಡು ಮನೆಗಳ ಮಕ್ಕಳು ಮುಂದೆ ಪರಸ್ಪರ ಮದುವೆಯಾಗುವಂತಿಲ್ಲ ಎನ್ನುವಷ್ಟು ಗಟ್ಟಿಯಾದ ನಂಟು ಅದು. ಅಣ್ಣತಮ್ಮಂದಿರಿಲ್ಲದ ಪರದೇಶದಲ್ಲಿ ಒಂದೊಂದು ಕೂಸಿನ ನೆಪದಲ್ಲಿಯೂ ಒಂದೊಂದು ಹೊಸ ನಂಟು ಹುಟ್ಟಿತು. ಕ್ರೀಟ್ ದ್ವೀಪದವರೂ ಪೆಲೊಪೊನೀಸಿನವರೂ, ಊರಿನಲ್ಲಿದ್ದರೆ ಮುಖವನ್ನೇ ನೋಡುತ್ತಿರದವರು, ಇಲ್ಲಿ ನೆಂಟರಾದರು. ಹಿತ್ತಿಲಲ್ಲಿ ಮಣ್ಣಿನ ಒಲೆಗಳು ಎದ್ದುವು. ಶನಿವಾರ ರೊಟ್ಟಿಯ ವಾಸನೆ ಬೀದಿಗೆ ಬಂತು. ಈಸ್ಟರಿಗೆ ಮೊಟ್ಟೆಗೆ ಕೆಂಪು ಬಣ್ಣ ಹಾಕಿದರು. ಹೊಸ ವರ್ಷದ ರೊಟ್ಟಿಯಲ್ಲಿ ನಾಣ್ಯವನ್ನು ಅಡಗಿಸಿಟ್ಟು ಕತ್ತರಿಸಿದಾಗ ಮದುವೆಯಿಲ್ಲದ ಹುಡುಗರಿಗೂ ಒಂದು ಚೂರು ಎತ್ತಿಟ್ಟರು. ಎರಡು ವರ್ಷ ದುಡಿದು ಹಿಂದಿರುಗುವೆವೆಂದಿದ್ದ ಗಂಡಸರು ಸದ್ದಿಲ್ಲದೆ ನೆಲೆನಿಂತರು.

ಸಾವಿನ ಮನೆ

ಹುಟ್ಟಿನ ಮನೆಯಲ್ಲಿ ಮೊದಲು ಬರುವ ಹೆಂಗಸರೇ ಸಾವಿನ ಮನೆಗೂ ಮೊದಲು ಬರುತ್ತಾರೆ. ಮ್ಯಾಗ್ನಾದಿಂದ ಆಗ್ನೇಯಕ್ಕೆ, ಬೆಟ್ಟಸಾಲಿನಾಚೆ ಕಾರ್ಬನ್ ಎಂಬ ಜಿಲ್ಲೆಯಲ್ಲಿ ಕಲ್ಲಿದ್ದಲ ಗಣಿಗಳಿದ್ದುವು. ಅಲ್ಲಿಯೂ ಗ್ರೀಕರೇ ಹೆಚ್ಚು. 1924ರ ಮಾರ್ಚ್ 8ರಂದು ಅಲ್ಲಿಯ ಕ್ಯಾಸಲ್ ಗೇಟ್ ಗಣಿಯಲ್ಲಿ ಸ್ಫೋಟವಾಗಿ ಒಳಗಿದ್ದ 171 ಮಂದಿಯೂ ಸತ್ತರು. ಅವರನ್ನು ಹುಡುಕಲು ಇಳಿದವರಲ್ಲಿ ಒಬ್ಬನೂ ಸತ್ತನು. ಸತ್ತವರಲ್ಲಿ ಸುಮಾರು 50 ಮಂದಿ ಗ್ರೀಕರು.

ಮದುವೆಯಾಗದೆ ಸತ್ತವನನ್ನು ಮದುಮಗನಂತೆ ಸಿಂಗರಿಸಿ, ತಲೆಗೆ ಮದುವೆಯ ಕಿರೀಟವಿಟ್ಟು ಮಣ್ಣಿಗೊಪ್ಪಿಸುವುದು ಗ್ರೀಕರ ಪದ್ಧತಿ. ಶವದ ಸುತ್ತ ಕುಳಿತು ಸತ್ತವನ ಗುಣಗಳನ್ನು ಹಾಡಿ ಅಳುವವರು ಹೆಂಗಸರು. ನಲವತ್ತನೆಯ ದಿನ ಬೇಯಿಸಿದ ಗೋಧಿಗೆ ಸಕ್ಕರೆ, ದಾಳಿಂಬೆಯ ಕಾಳು, ಒಣದ್ರಾಕ್ಷಿ ಬೆರೆಸಿ ‘ಕೋಲಿವಾ’ ಮಾಡಿ ಹಂಚುವವರೂ ಅವರೇ. ಹೆಂಗಸರು ಬರುವುದಕ್ಕೆ ಮೊದಲು ಗಣಿಯಲ್ಲಿಯೋ ರೈಲುಹಾದಿಯ ಬದಿಯಲ್ಲಿಯೋ ಸತ್ತ ಎಷ್ಟೋ ಹುಡುಗರಿಗೆ ಅಳುವವರೂ ಇರಲಿಲ್ಲ, ಗೋಧಿ ಬೇಯಿಸುವವರೂ ಇರಲಿಲ್ಲ. ಊರಿನಲ್ಲಿ ತಾಯಿಗೆ ಸುದ್ದಿ ತಲುಪುವಷ್ಟರಲ್ಲಿ ತಿಂಗಳುಗಳೇ ಕಳೆಯುತ್ತಿದ್ದುವು. ಪರದೇಶದ ಮಣ್ಣಿನಲ್ಲಿ ತನಗಾಗಿ ಒಬ್ಬರಾದರೂ ಅತ್ತರೆಂಬುದು ಸಣ್ಣ ಮಾತಲ್ಲ.

ಅದೇ 1924ರಲ್ಲಿ ಇನ್ನೆರಡು ಪೆಟ್ಟುಗಳು ಬಿದ್ದುವು. ಹೊಸ ವಲಸೆಯ ಕಾನೂನು ಗ್ರೀಸಿನಿಂದ ವರ್ಷಕ್ಕೆ ಬರಬಹುದಾದವರ ಮಿತಿಯನ್ನು ಕೇವಲ 100ಕ್ಕೆ ಇಳಿಸಿತು. ಚಿತ್ರವಧುಗಳ ಹಡಗುಗಳು ನಿಂತಂತೆಯೇ ಆಯಿತು. ಊರಿನಲ್ಲಿ ಉಳಿದ ತಾಯಿ ತಂಗಿಯರನ್ನು ಕರೆಸಿಕೊಳ್ಳುವ ಆಸೆ ಕಮರಿತು. ಕೂ ಕ್ಲಕ್ಸ್ ಕ್ಲಾನ್ ಎಂಬ ಮುಸುಕಿನ ಗುಂಪು ಯೂಟಾದ ಗಣಿಯೂರುಗಳಲ್ಲಿಯೂ ತಲೆಯೆತ್ತಿ, ಪರದೇಶದವರನ್ನು ಬೆದರಿಸಲು ಗುಡ್ಡಗಳ ಮೇಲೆ ಶಿಲುಬೆಗಳನ್ನು ಸುಟ್ಟಿತು. ಆ ಉರಿಯನ್ನು ಕಿಟಕಿಯಿಂದ ನೋಡುತ್ತ ಮಕ್ಕಳನ್ನು ಒಳಕ್ಕೆ ಕರೆದುಕೊಂಡ ತಾಯಂದಿರು ಮರುದಿನ ಬೆಳಗ್ಗೆ ಎಂದಿನಂತೆ ಅವರ ತಲೆ ಬಾಚಿ ಶಾಲೆಗೆ ಕಳುಹಿಸಬೇಕಾಗಿತ್ತು. ಮನೆ ಬಿಟ್ಟು ಓಡಲು ಅವರಿಗೆ ಬೇರೆ ಊರಿರಲಿಲ್ಲ. ತಾವು ಹೆತ್ತ ಊರೇ ಅವರ ಊರು.

ಮುಂದೆ ಇದೇ ಹೆಂಗಸರ ಕೈ ಹೊರಗೂ ಚಾಚಿತು. ಅಮೆರಿಕದ ಗ್ರೀಕ್ ಇಗರ್ಜಿಗಳ ಹೆಂಗಸರನ್ನೆಲ್ಲ ಒಂದುಗೂಡಿಸಿ 1931ರಲ್ಲಿ ‘ಫಿಲೋಪ್ತೋಹೋಸ್’ ಎಂಬ ಸಂಘವನ್ನು ಸ್ಥಾಪಿಸಿದರು. ಬಡವರ ಗೆಳತಿ ಎಂದು ಅದರ ಅರ್ಥ. ಆಗ ದೇಶವೆಲ್ಲ ಆರ್ಥಿಕ ಕುಸಿತದಲ್ಲಿ ನರಳುತ್ತಿತ್ತು. ಕೆಲಸ ಕಳೆದುಕೊಂಡವರ ಮನೆಗಳಿಗೆ ಈ ಹೆಂಗಸರು ಊಟ ಬಟ್ಟೆ ಒದಗಿಸಿದರು. 1940ರ ಅಕ್ಟೋಬರಿನಲ್ಲಿ ಇಟಲಿ ಗ್ರೀಸಿನ ಮೇಲೆ ದಂಡೆತ್ತಿ ಹೋದಾಗ, ನವೆಂಬರಿನಲ್ಲಿಯೇ ಗ್ರೀಕ್ ಯುದ್ಧ ಪರಿಹಾರ ಸಂಸ್ಥೆ ಹುಟ್ಟಿತು. ವರದಕ್ಷಿಣೆಗೆ ಗತಿಯಿಲ್ಲದೆ ಯಾವ ನಾಡನ್ನು ಬಿಟ್ಟುಬಂದಿದ್ದರೋ ಆ ನಾಡು ಹಸಿದಾಗ ಅನ್ನ ಕಳುಹಿಸುವಷ್ಟು ಗಟ್ಟಿಯಾಗಿದ್ದುವು ಅವರ ಸಂಸಾರಗಳು.

ಉಳಿದ ಹೆಸರು

ಕಾಲ ಬದಲಾಯಿತು. ಆಸ್ಪತ್ರೆಗಳು ಬಂದುವು, 1930ರ ದಶಕದ ನಡುವಿನಲ್ಲಿ ಸಲ್ಫಾ ಔಷಧಗಳೂ, ಆಮೇಲೆ ಪೆನ್ಸಿಲಿನ್ನೂ ಬಂದು ಬಾಣಂತಿಯ ನಂಜಿನ ಭಯವನ್ನು ದೂರ ಮಾಡಿದುವು. ಮಗೆರೂ ಕೈಯಲ್ಲಿ ಹುಟ್ಟಿದ ಹೆಣ್ಣುಮಕ್ಕಳು ಇಂಗ್ಲಿಷು ಕಲಿತರು. ತಮ್ಮ ಮಕ್ಕಳನ್ನು ಬಿಳಿಯ ಗೋಡೆಯ ಕೋಣೆಗಳಲ್ಲಿ ಹೆತ್ತರು. ಅದು ಆಗಬೇಕಾದುದೇ. ಯಾವ ಸೂಲಗಿತ್ತಿಯೂ ತನ್ನ ಕಸುಬು ಉಳಿಯಲೆಂದು ಬಾಣಂತಿಯರು ಸಾಯಲಿ ಎಂದು ಬಯಸಲಾರಳು.

ಆದರೆ ಒಂದು ಅಪಾಯವಿತ್ತು. ಗಣಿಗಳ ಚರಿತ್ರೆಯನ್ನು ಬರೆದವರು ಎಷ್ಟು ಟನ್ನು ಅದಿರು ತೆಗೆದರೆಂಬುದನ್ನು ಬರೆದರು. ಮುಷ್ಕರಗಳ ತಾರೀಖು ಬರೆದರು. ಮಧ್ಯವರ್ತಿ ಸ್ಕ್ಲೀರಿಸನ ಹೆಸರನ್ನೂ ಬರೆದರು. ಕೂಸುಗಳನ್ನು ಯಾರು ಎತ್ತಿಕೊಂಡರೆಂಬುದನ್ನು ಬರೆಯುವವರು ಯಾರು? ಆ ಕೆಲಸ ಮಾಡಿದವಳೂ ಗಣಿಯ ನಾಡಿನ ಮಗಳೇ. 1917ರಲ್ಲಿ ಕಾರ್ಬನ್ ಜಿಲ್ಲೆಯಲ್ಲಿ ಗ್ರೀಕ್ ವಲಸೆಗಾರರ ಮಗಳಾಗಿ ಹುಟ್ಟಿದ ಹೆಲೆನ್ ಪಪಾನಿಕೋಲಾಸ್ ಮುದುಕರ, ಮುದುಕಿಯರ ಬಾಯಿಂದ ಕೇಳಿ ಕೇಳಿ ಯೂಟಾದ ಗ್ರೀಕರ ಚರಿತ್ರೆಯನ್ನು ಬರೆದಿಟ್ಟರು. 1970ರಲ್ಲಿ ಯೂಟಾದ ಚರಿತ್ರೆಯ ತ್ರೈಮಾಸಿಕದಲ್ಲಿ ಮಗೆರೂವಿನ ಮೇಲೆಯೇ ಒಂದು ಲೇಖನವನ್ನು ಪ್ರಕಟಿಸಿದರು. 2004ರಲ್ಲಿ ತೀರಿಕೊಳ್ಳುವವರೆಗೂ ಪಪಾನಿಕೋಲಾಸ್ ಇಂತಹ ಹೆಸರುಗಳನ್ನು ಮರೆವಿನಿಂದ ಎತ್ತಿ ತರುತ್ತಲೇ ಇದ್ದರು. ಒಬ್ಬ ಹೆಂಗಸು ಮಕ್ಕಳನ್ನು ಕೈಯಲ್ಲಿ ಎತ್ತಿಕೊಂಡಳು. ಇನ್ನೊಬ್ಬಳು ಆಕೆಯ ನೆನಪನ್ನು ಎತ್ತಿಕೊಂಡಳು.

ಬೆಟ್ಟವನ್ನು ಕಡಿದು ತಾಮ್ರ ತೆಗೆದ ಜಾಗ ಇಂದು ದೊಡ್ಡ ಹಳ್ಳವಾಗಿ ಕಾಣುತ್ತದೆ. ನೋಡಲು ದೂರದಿಂದ ಜನ ಬರುತ್ತಾರೆ. ಮಗೆರೂ ಮಾಡಿದ ಕೆಲಸವನ್ನು ಹಾಗೆ ಹೋಗಿ ನೋಡುವಂತಿಲ್ಲ. ಆಕೆ ಎತ್ತಿಕೊಂಡ ಕೂಸುಗಳು ಬೆಳೆದು, ಅವರ ಮಕ್ಕಳೂ ಮೊಮ್ಮಕ್ಕಳೂ ಅಮೆರಿಕದ ಊರೂರುಗಳಿಗೆ ಹರಡಿಹೋಗಿದ್ದಾರೆ. ಅವರಲ್ಲಿ ಅನೇಕರಿಗೆ ಗ್ರೀಕ್ ಭಾಷೆ ಬಾರದಿರಬಹುದು. ಪೇರ್ ಹಣ್ಣಿನ ಬಯಲು ಎಲ್ಲಿದೆಯೆಂದು ತಿಳಿಯದಿರಬಹುದು. ಆದರೂ ಅವರ ಮನೆತನದ ಕಥೆ ಹಿಂದಕ್ಕೆ ಹೋಗುತ್ತ ಹೋಗುತ್ತ, ಒಂದು ಹಲಗೆಯ ಮನೆಯಲ್ಲಿ ನಡುರಾತ್ರಿ ನೋಯುತ್ತಿದ್ದ ಎಳೆಯ ಹುಡುಗಿಯಲ್ಲಿಗೂ, ಆಕೆಯ ಕೈಹಿಡಿದು ಹೆದರಬೇಡವೆಂದ ಒಬ್ಬ ಮುದುಕಿಯಲ್ಲಿಗೂ ಬಂದು ನಿಲ್ಲುತ್ತದೆ. ಗಂಡಸರ ಬೀಡು ಊರಾದುದು ಆ ರಾತ್ರಿ.